ನಡುನೀರಿನಲ್ಲಿ ನಿಂತ ಗಾಡಿ

ಬಿಚ್ಚಿದ ಇಂಜಿನ್ನಿನಿಂದ ಮೆಕ್ಯಾನಿಕ್ ಒಂದು ರಾಡು ತೆಗೆದು ನನ್ನ ಮುಂದೆ ಹಿಡಿದ. ಪಿಸ್ಟನ್ನಿಗೆ ಜೋಡಿಸುವ ರಾಡು, ಸೆಟೆದು ನೇರವಾಗಿ ಇರಬೇಕಾದದ್ದು, ನಡುವಿನಲ್ಲಿ ಸೊಟ್ಟಗಾಗಿತ್ತು. ಗಾಳಿ ಹೋಗುವ ದಾರಿಯಲ್ಲಿ ನೀರು ಹೋಗಿದೆ, ಗಾಳಿಯನ್ನಾದರೆ ಇಂಜಿನ್ ಒತ್ತುತ್ತದೆ, ನೀರನ್ನು ಒತ್ತಲು ಬರುವುದಿಲ್ಲ, ಒತ್ತಲು ಹೋಗಿ ರಾಡೇ ಬಾಗಿದೆ ಎಂದು ಅವನು ವಿವರಿಸತೊಡಗಿದ. ಕೇಳುವ ತಾಳ್ಮೆ ನನಗಿರಲಿಲ್ಲ. ಗಾಡಿ ಯಾವಾಗ ಸಿಗುತ್ತದೆ ಎಂದು ನಡುವೆಯೇ ಬಾಯಿ ಹಾಕಿದೆ. ಅವನು ರಾಡನ್ನು ಚಿಂದಿ ಬಟ್ಟೆಯಲ್ಲಿ ಒರೆಸುತ್ತ ತನ್ನದೇ ಒಂದು ಪ್ರಶ್ನೆ ಕೇಳಿದ.

"ಅಕ್ಕಾರ, ನೀರಾಗ ಇಳದವರು ದಾಟಿ ಬಿಡಬೇಕಿಲ್ರಿ? ನಡುನೀರಾಗ ಗಾಡಿ ಯಾಕ ನಿಂದ್ರಿಸಿದ್ರಿ?"

ಈ ಪ್ರಶ್ನೆ ಹೊಸದಲ್ಲ. ನಮ್ಮ ಮನೆಯವರು ಕೇಳಿಯಾಗಿತ್ತು. ಓಣಿಯಲ್ಲಿ ಎದುರು ಮನೆಯವರು, ಪಕ್ಕದ ಮನೆಯವರು ಕೇಳಿದ್ದರು, ಹಾಲು ಹಾಕುವವಳು ಕೂಡ ಕೇಳಿದ್ದಳು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದೆ. ಗಾಡಿ ತಾನಾಗಿಯೇ ನಿಂತಿತು, ಗಾಲಿಗೆ ಕಲ್ಲು ಅಡ್ಡ ಬಂತು, ಹೀಗೆ ಬಾಯಿಗೆ ಬಂದದ್ದು. ಇದ್ದದ್ದು ಇದ್ದಂತೆ ಹೇಳಿದರೆ ನಗುತ್ತಾರೆ, ನಕ್ಕರೆ ನನಗೆ ಸಿಟ್ಟು ಬರುತ್ತದೆ. ಮೆಕ್ಯಾನಿಕನಿಗೆ ಸುಳ್ಳು ಹೇಳುವುದು ಕಷ್ಟ, ಇಂಜಿನ್ ಅವನ ಮುಂದೆಯೇ ಬಿಚ್ಚಿ ಬಿದ್ದಿತ್ತು. ಜಲ್ದಿ ಮಾಡಿಕೊಡಪ್ಪಾ ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಗಾಡಿ ಇಲ್ಲದೆ ನನಗೆ ಕೈಕಾಲು ಕಟ್ಟಿ ಹಾಕಿದಂತಾಗಿತ್ತು. ನನ್ನದು ಸೀರೆ ವ್ಯಾಪಾರ. ನಮ್ಮದು ಬೆಟಗೇರಿಯ ನೇಕಾರರ ಮನೆ, ಆದರೆ ಮನೆಯಲ್ಲಿ ಈಗ ಮಗ್ಗವಿಲ್ಲ. ಮಗ್ಗದ ಕುಣಿ ಮುಚ್ಚಿ ಮೇಲೆ ಟೈಲ್ಸ್ ಹಾಕಿಸಿ ಅಲ್ಲಿ ಫ್ರಿಜ್ ಇಟ್ಟಿದ್ದೇವೆ. ಇನ್ನೂ ನೇಯುವ ಮನೆಗಳಿಂದ ಸೀರೆ ಕೊಂಡು, ಗಾಡಿಯ ಹಿಂದಿನ ಸೀಟಿನ ತುಂಬ ಹಾಕಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಯಳವತ್ತಿ ಎಂದು ಮನೆಮನೆ ತಿರುಗುತ್ತೇನೆ. ಶಿರಹಟ್ಟಿಯ ಹೆಂಗಸರು ಸೀರೆ ನೋಡುವುದಕ್ಕೆ ಒಂದು ಮಧ್ಯಾಹ್ನ ಬೇಕು. ಬಿಚ್ಚಿಸುತ್ತಾರೆ, ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿಯುತ್ತಾರೆ, ಮಡಿಸಿ ಇಡುತ್ತಾರೆ, ಚಹಾ ಮಾಡುತ್ತಾರೆ, ಮತ್ತೆ ಮೊದಲ ಸೀರೆಯನ್ನೇ ಬಿಚ್ಚಿಸುತ್ತಾರೆ. ನಾನು ಅಲ್ಲಿ ಕೂತಿರುತ್ತೇನೆ, ಜೀವ ಮಾತ್ರ ಆಗಲೇ ಮುಂದಿನ ಮನೆಗೆ ಹೋಗಿರುತ್ತದೆ. ಕಾಯುವುದು ನನ್ನ ಮೈಗೆ ಆಗಿಬರುವುದಿಲ್ಲ. ಕುಕ್ಕರಿನ ಸೀಟಿಯನ್ನೂ ಕಾಯಲಾರದೆ ಗ್ಯಾಸ್ ಆರಿಸಿ, ಬೇಯದ ಬೇಳೆಯನ್ನು ಬಡಿಸಿ ಬೈಸಿಕೊಂಡವಳು ನಾನು.

ನಮ್ಮ ಅಕ್ಕ ಇದಕ್ಕೆ ತಿರುವುಮುರುವು. ಅವಳು ಬದುಕಿರುವಷ್ಟು ದಿನ ಯಾವುದಕ್ಕೂ ಹೊತ್ತಿಗೆ ಸರಿಯಾಗಿ ಬಂದವಳಲ್ಲ. ಮದುವೆಗೆ ಬಂದರೆ ಅಕ್ಕಿಕಾಳು ಬಿದ್ದ ಮೇಲೆ ಬರುತ್ತಿದ್ದಳು, ಊಟದ ಪಂಕ್ತಿಗೆ ಬಂದರೆ ಎಲೆ ಎತ್ತುವಾಗ. ಅವಳನ್ನು ಕರೆದುಕೊಂಡು ಹೋಗಲು ಗದಗ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಿಂತು ನನ್ನ ಅರ್ಧ ಆಯುಷ್ಯ ಹೋಗಿದೆ. ಎರಡು ಬಸ್ಸು ಹೋಗಿಬಿಟ್ಟ ಮೇಲೆ ಮೂರನೆಯದರಿಂದ ಇಳಿಯುವಳು. ಕೈಯಲ್ಲೊಂದು ವಾಯರ್ ಬುಟ್ಟಿ, ತಲೆಯ ಹೂವು ಒಂದು ಕಡೆ ಜೋತಿರುವುದು, ಮುಖದ ತುಂಬ ನಗು. ನಾನು ಬಾಯಿ ತೆರೆಯುವ ಮೊದಲೇ ಅವಳ ಮಾತು ಬರುತ್ತಿತ್ತು: "ಬಂದ್ನೆಲ್ಲವಾ, ಮತ್ತೇನ?" ಅದಕ್ಕೆ ಏನು ಹೇಳಬೇಕು? ಬಂದಿದ್ದಂತೂ ಖರೆ. ನಾನು ಮುಖ ಉಬ್ಬಿಸಿಕೊಂಡು ಮುಂದೆ ಮುಂದೆ ನಡೆಯುತ್ತಿದ್ದೆ, ಅವಳು ಹಿಂದಿನಿಂದ ಬುಟ್ಟಿಯೊಳಗಿನ ಪೇರಲ ಹಣ್ಣು ತೆಗೆದು ನನ್ನ ಕೈಗೆ ತುರುಕುತ್ತಿದ್ದಳು.

ಹೋಗುವುದಕ್ಕೆ ಮಾತ್ರ ಅವಸರ ಮಾಡಿದಳು. ಕಾಮಾಲೆ ಎಂದರು, ಆಸ್ಪತ್ರೆಗೆ ಹಾಕಿದರು, ಅಷ್ಟರಲ್ಲೇ ಮುಗಿಯಿತು. ಅವಳಿಗೆ ಒಬ್ಬಳೇ ಮಗಳು. ಆ ಹುಡುಗಿಯ ಮದುವೆಯನ್ನು ನಾವೇ ನಿಂತು ಮುಂಡರಗಿಗೆ ಮಾಡಿಕೊಟ್ಟೆವು. ಅವಳಿಗೆ ತವರು ಎಂದರೆ ನಮ್ಮ ಅವ್ವ ಮತ್ತು ನಾನು, ಅಷ್ಟೇ.

ಈ ಮಳೆಗಾಲದಲ್ಲಿ ಅವಳ ಕುಬಸ ಬಂತು. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ನಮ್ಮ ಕಡೆ ಇದನ್ನು ಬಿಟ್ಟವರಿಲ್ಲ. ಎರಡು ಓಣಿ ಆಚೆ ಇನ್ನೂ ಮಗ್ಗ ನಡೆಸುವ ಮನೆಯಲ್ಲಿ ಹೇಳಿ ಒಂದು ಸೀರೆ ನೇಯಿಸಿದೆ. ಗಿಳಿಹಸಿರು ಮೈ, ಕೆಂಪು ಸೆರಗು. ಅವರಿಗೂ ನನ್ನಿಂದ ನೆಮ್ಮದಿ ಇರಲಿಲ್ಲ, ದಿನಾ ಹೋಗಿ ಎಷ್ಟು ಮೊಳ ಆಯಿತು ಎಂದು ಮಗ್ಗದ ಮುಂದೆ ನಿಲ್ಲುತ್ತಿದ್ದೆ. ಬುಧವಾರ ಹನ್ನೆರಡರೊಳಗೆ ಹುಡುಗಿಯನ್ನು ಮಣೆಯ ಮೇಲೆ ಕೂರಿಸಬೇಕು, ಆಮೇಲೆ ರಾಹುಕಾಲ ಎಂದು ಬೀಗರು ಹೇಳಿ ಕಳಿಸಿದ್ದರು. ಹುಡುಗಿಯ ಅತ್ತೆ ಗಟ್ಟಿ ಹೆಂಗಸು, ಮಾತು ಕಡಿಮೆ. ಇವರು ನಮ್ಮ ಹುಡುಗಿಗೆ ತಾಯಿಯಿಲ್ಲ ಎಂದು ಸಸಾರ ಮಾಡಬಾರದು, ಯಾವುದರಲ್ಲೂ ಒಂದು ಕೂದಲಿನಷ್ಟೂ ಕಡಿಮೆ ಆಗಬಾರದು ಎಂದು ನನಗೆ ಹಟ. ಹಿಂದಿನ ದಿನ ಹುಡುಗಿ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು:

"ಚಿಗವ್ವಾ, ನಮ್ಮತ್ತಿ ಅಂಗಡ್ಯಾಗಿಂದು ಒಂದ ಹಸರ ಸೀರಿ ತಂದಿಟ್ಟಾರ. ಆದ್ರ ನಿಮ್ಮ ಸೀರಿ ಬರೂತನಕಾ ನಾ ಮಣೀ ಮ್ಯಾಲ ಕುಂಡ್ರೂದಿಲ್ಲ."

ಬೆಳಿಗ್ಗೆ ಹೊತ್ತಿಗೆ ಮುಂಚೆಯೇ ಹೊರಟೆವು. ನಾನು, ಅವ್ವ, ಡಿಕ್ಕಿಯಲ್ಲಿ ಕರ್ಚಿಕಾಯಿ, ಶೇಂಗಾ ಹೋಳಿಗೆಯ ಡಬ್ಬಿಗಳು. ಸೀರೆಯನ್ನು ಡಿಕ್ಕಿಗೆ ಹಾಕಲು ಅವ್ವ ಒಪ್ಪದೆ ತೊಡೆಯ ಮೇಲೆ ಇಟ್ಟುಕೊಂಡಳು. ಆಕಾಶ ತಿಳಿಯಾಗಿತ್ತು. ಆದರೆ ರಾತ್ರಿಯೆಲ್ಲ ಕಪ್ಪತ್ತಗುಡ್ಡದ ಮೇಲೆ ಮಳೆ ಸುರಿದಿತ್ತು, ಅದು ನಮಗೆ ಗೊತ್ತಿರಲಿಲ್ಲ. ಡೋಣಿ ದಾಟಿ ಸ್ವಲ್ಪ ಮುಂದೆ ಹೋಗುತ್ತಿದ್ದಂತೆ ರಸ್ತೆಯಲ್ಲಿ ಬಸ್ಸು, ಲಾರಿ, ಟಂಟಂಗಳು ಸಾಲಾಗಿ ನಿಂತಿದ್ದವು. ಹಳ್ಳ ಬಂದಿತ್ತು. ತಗ್ಗು ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು, ಅಂಚಿನ ಕಲ್ಲುಗಳ ತಲೆ ಮಾತ್ರ ಕಾಣುತ್ತಿತ್ತು.

ಜನ ಆರಾಮಾಗಿ ಇಳಿದು, ಮರದ ನೆರಳಿನಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನೀರು ಇಳಿಯಲು ಮಧ್ಯಾಹ್ನ ಆಗುತ್ತದೆ ಎಂದು ಒಬ್ಬ, ಸಂಜೆ ಆಗುತ್ತದೆ ಎಂದು ಇನ್ನೊಬ್ಬ. ಅವರ ಆರಾಮ ನೋಡಿಯೇ ನನಗೆ ಮೈ ಉರಿಯಿತು. ನಾನು ಗಾಡಿಯಿಂದ ಇಳಿದೆ, ನೀರಿನ ಅಂಚಿಗೆ ಹೋದೆ, ಬಂದು ಕೂತೆ, ಮತ್ತೆ ಇಳಿದೆ. ಫೋನ್ ಬಂತು, ಹುಡುಗಿ. ಡೋಣಿ ದಾಟಿದ್ದೇವೆ ಎಂದೆ. ಅದು ಸುಳ್ಳಲ್ಲ. ಹಳ್ಳದ ಮಾತು ಎತ್ತಲಿಲ್ಲ. ಅಷ್ಟರಲ್ಲಿ ಒಂದು ಪಿಕಪ್ ಗಾಡಿ ನೀರಿಗೆ ಇಳಿದು, ನೀರು ಸೀಳಿಕೊಂಡು ಆ ದಂಡೆ ಹತ್ತಿತು. ಅವನಿಗೆ ಆಗುವುದು ನನಗೆ ಯಾಕೆ ಆಗಬಾರದು? ಅವನ ಗಾಡಿ ಎತ್ತರ, ನನ್ನದು ನೆಲಕ್ಕೆ ಹತ್ತಿದ ಗಾಡಿ ಎಂಬುದು ನನ್ನ ತಲೆಗೆ ಬರಲಿಲ್ಲ. ಬಸ್ಸಿನ ಡ್ರೈವರ್ ಕೈ ಅಡ್ಡ ಮಾಡಿ ಏನೋ ಕೂಗಿದ. ನಾನು ಗಾಜು ಏರಿಸಿ, ಒಂದನೇ ಗೇರಿನಲ್ಲಿ ಇಳಿಸಿಬಿಟ್ಟೆ.

ಮೊದಮೊದಲು ಚೆನ್ನಾಗಿಯೇ ಹೋಯಿತು. ನೀರು ಬಾಗಿಲಿನ ಕೆಳಗೆ ಬಡಿಯುತ್ತಿತ್ತು, ಗಾಡಿ ಒಂದೇ ಹದದಲ್ಲಿ ಗೊಂಯ್ ಎನ್ನುತ್ತ ಮುಂದೆ ಸರಿಯುತ್ತಿತ್ತು. ಅರ್ಧ ದಾರಿ ಆಗಿತ್ತು. ಆಗ ನೋಡುತ್ತೇನೆ, ಅವ್ವ ಸೊಂಟದ ಚೀಲದಿಂದ ಕುಂಕುಮದ ಡಬ್ಬಿ ತೆಗೆದು, ಎಲೆ ಅಡಿಕೆ, ಎರಡು ಹಸಿರು ಬಳೆ ಕೈಯಲ್ಲಿ ಹಿಡಿದು ಕೂತಿದ್ದಾಳೆ.

ಇದು ಅವಳ ಹಳೆಯ ರೂಢಿ. ಉಡಿ ತುಂಬುವ ಸಾಮಾನು ತೆಗೆದುಕೊಂಡು ಹರಿಯುವ ನೀರು ದಾಟಿದರೆ ಮೊದಲು ಗಂಗವ್ವನಿಗೆ ಅರಿಷಿಣ, ಕುಂಕುಮ, ಬಳೆ ಕೊಟ್ಟೇ ಮುಂದೆ ಹೋಗಬೇಕು. ಅವಳೂ ಹೆಣ್ಣು, ಅವಳ ಮನೆಯ ಮೇಲಿಂದ ಹಸಿರು ಸೀರೆ ಒಯ್ಯುತ್ತ ಅವಳಿಗೆ ಬರಿಗೈ ತೋರಿಸಬಾರದು. ನಮ್ಮ ಮನೆಯ ಹೆಂಗಸರು ಎಲ್ಲರೂ ಇದನ್ನು ಮಾಡಿದವರೇ. ನಾನೂ ಕಿಟಕಿಯಿಂದ ಎಷ್ಟೋ ಸಲ ಎಸೆದಿದ್ದೇನೆ, ಆದರೆ ಎತ್ತರದ ಸೇತುವೆಯ ಮೇಲೆ, ಓಡುವ ಬಸ್ಸಿನಲ್ಲಿ. ದಾಟಿದ ಮೇಲೆ ದಂಡೆಯಲ್ಲಿ ಕೊಟ್ಟರಾಯಿತು ಎಂದೆ. ಅವ್ವ ಕೇಳಲಿಲ್ಲ, ಆಗಲೇ ಗಾಜು ಇಳಿಸಿದ್ದಳು.

"ದಂಡ್ಯಾಗ ನಿಂತ ನೀರು ಇರತೈತಿ, ಅದು ಗಂಗವ್ವ ಅಲ್ಲ," ಎಂದಳು. "ಓಡಿಕೋಂತ ಒಗದ್ರ ಅದು ಉಡಿ ತುಂಬಿದಂಗ ಆಗೂದಿಲ್ಲವಾ. ಚೂರ ನಿಂದ್ರಸು. ನಿಮ್ಮಕ್ಕನ ಕುಬಸಕ್ಕೂ ಇಲ್ಲೇ ಕೊಟ್ಟೀನಿ."

ನಾನು ನಿಲ್ಲಿಸಲಿಲ್ಲ, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಅಕ್ಕನ ಮಾತು ಕಿವಿಗೆ ಬಿದ್ದ ಕೂಡಲೇ ಎಕ್ಸಲರೇಟರಿನ ಮೇಲಿನ ಕಾಲು ತಾನಾಗಿ ಸಡಿಲಾಯಿತು. ಅಷ್ಟೇ ಸಾಕಾಯಿತು. ಮುಂದೆ ತಳ್ಳಿಕೊಂಡು ಹೋಗುತ್ತಿದ್ದ ನೀರು ತಿರುಗಿ ಬಾನೆಟ್ಟಿನ ಮೇಲೆ ಬಂತು. ಗಾಡಿ ಎರಡು ಸಲ ಜಗ್ಗಿ, ಕೆಮ್ಮಿ, ಸುಮ್ಮನಾಯಿತು. ಅವ್ವ ಶಾಂತವಾಗಿ ಕೈ ಹೊರಗೆ ಚಾಚಿ, ಕುಂಕುಮ ಬಿಟ್ಟು, ಬಳೆ ಬಿಟ್ಟು, ಕೈ ಮುಗಿದಳು.

ನಾನು ಕೀಲಿ ತಿರುಗಿಸಿದೆ. ಟಕ್ ಎಂದಿತು. ಮತ್ತೆ ತಿರುಗಿಸಿದೆ. ಒಳಗೆ ಯಾರೋ ಕಬ್ಬಿಣದಿಂದ ಕಬ್ಬಿಣಕ್ಕೆ ಹೊಡೆದ ಸಪ್ಪಳ. ಆ ಕೂಡಲೇ ಕೈ ತೆಗೆದಿದ್ದರೆ ಇಂಜಿನ್ ಉಳಿಯುತ್ತಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ನೀರು ಪಾದದ ಮೇಲೆ ಏರುತ್ತಿರುವಾಗ, ಮುಂಡರಗಿಯಲ್ಲಿ ಹುಡುಗಿ ಬಾಗಿಲು ನೋಡುತ್ತ ಕೂತಿರುವಾಗ, ಕೈ ತೆಗೆಯುವ ಜೀವ ನನ್ನದಲ್ಲ. ತಿರುಗಿಸುತ್ತಲೇ ಹೋದೆ. ಕೊನೆಗೆ ಟಕ್ ಎನ್ನುವುದೂ ನಿಂತಿತು. ಅವ್ವ ಸೀರೆಯ ಗಂಟನ್ನು ತಲೆಯ ಮೇಲೆ ಎತ್ತಿ ಹಿಡಿದು ಕೂತಿದ್ದಳು. ನಾನು ಅವಳಿಗೆ ಬೈದೆ, ಹಳ್ಳಕ್ಕೆ ಬೈದೆ, ಗಂಗವ್ವನಿಗೂ ಬೈದೆ. ಅವ್ವ ಮುಖ ತಿರುಗಿಸಿಕೊಂಡು ನೀರು ನೋಡಿದಳು.

ಆ ದಂಡೆಯಿಂದ, ಹೆಸರುಕಾಳಿನ ಚೀಲ ಹೇರಿಕೊಂಡು ಮುಂಡರಗಿಗೆ ಹೊರಟಿದ್ದ ಟ್ರ್ಯಾಕ್ಟರಿನವ ಹಿಂದಕ್ಕೆ ಬಂದು, ಹಗ್ಗ ಕಟ್ಟಿ ನಮ್ಮನ್ನು ಎಳೆದು ಮುಂಡರಗಿ ದಂಡೆಗೆ ಹಾಕಿದ. ಬಾಗಿಲು ತೆಗೆದರೆ ಗಾಡಿಯಿಂದ ನೀರು ಸುರಿಯಿತು. ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದು ನೋಡಿದ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಇನ್ನು ಕೀಲಿ ಮುಟ್ಟಬೇಡಿ ಎಂದ. ಗಾಡಿಯನ್ನು ಅಲ್ಲೇ ಒಂದು ಚಹಾ ಅಂಗಡಿಯ ಮಗ್ಗುಲಿಗೆ ನೂಕಿ, ಅವನ ಟ್ರ್ಯಾಕ್ಟರನ್ನೇ ಹತ್ತಿದೆವು. ಬೇರೆ ದಾರಿ ಇರಲಿಲ್ಲ, ಬಸ್ಸುಗಳೆಲ್ಲ ಹಿಂದೆ ಡೋಣಿ ಕಡೆಯ ದಂಡೆಯಲ್ಲೇ ನಿಂತಿದ್ದವು.

ಟ್ರ್ಯಾಕ್ಟರಿನಂಥ ಶಿಕ್ಷೆ ನನ್ನಂಥವಳಿಗೆ ಇನ್ನೊಂದಿಲ್ಲ. ಅವ್ವ ಹಿಂದೆ ಹೆಸರಿನ ಚೀಲದ ಮೇಲೆ ಸೀರೆ ತಬ್ಬಿಕೊಂಡು ಕೂತಿದ್ದಳು, ಅವಳಿಗೆ ತೇರು ಹತ್ತಿದಷ್ಟು ನೆಮ್ಮದಿ. ನಾನು ಮಡ್‌ಗಾರ್ಡಿನ ಮೇಲೆ ಒದ್ದೆ ಸೀರೆಯಲ್ಲಿ ಕೂತು ರಸ್ತೆಯ ಮರಗಳನ್ನು ನೋಡುತ್ತಿದ್ದೆ. ಒಂದು ಮರ ಹತ್ತಿರ ಬಂದು ಹಿಂದೆ ಹೋಗುವುದಕ್ಕೆ ಒಂದು ಯುಗ. ಟ್ರ್ಯಾಕ್ಟರಿನವ ಎದುರು ಬಂದ ಪರಿಚಯದವರಿಗೆಲ್ಲ ನಿಲ್ಲಿಸಿ, ಹಳ್ಳ ಬಂದದ್ದು, ನಾವು ಸಿಕ್ಕಿಕೊಂಡದ್ದು, ತಾನು ಎಳೆದದ್ದು ಎಲ್ಲವನ್ನೂ ಹೇಳಿದ. ಫೋನು ನೀರು ಕುಡಿದು ಸತ್ತಿತ್ತು. ಅವನ ಫೋನಿನಿಂದ ಮಾಡೋಣವೆಂದರೆ ಹುಡುಗಿಯ ನಂಬರು ನನಗೆ ಬಾಯಿಪಾಠ ಬರುತ್ತಿರಲಿಲ್ಲ. ಹುಡುಗಿ ಅಂಗಡಿ ಸೀರೆ ಉಟ್ಟು ಕೂತಿರುತ್ತಾಳೆ, ಬೀಗತಿ ಹೇಳಿ ಒಪ್ಪಿಸಿರುತ್ತಾಳೆ, ತವರಿನವರು ಹೊತ್ತಿಗೆ ಬರಲಿಲ್ಲ ಎಂದು ನಾಲ್ಕು ಜನ ಆಡಿಕೊಂಡಿರುತ್ತಾರೆ, ಹುಡುಗಿ ತಲೆ ತಗ್ಗಿಸಿರುತ್ತಾಳೆ. ಇದನ್ನೇ ಮತ್ತೆ ಮತ್ತೆ ಕಣ್ಣ ಮುಂದೆ ತಂದುಕೊಂಡು ಉಗುರು ಕಚ್ಚಿದೆ. ತಾಯಿ ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ ಎಂದು ಅವರು ಅಂದರೆ ನಾನು ಯಾವ ಬಾಯಿಂದ ಉತ್ತರ ಕೊಡಲಿ ಎಂದು ಅಳುವೇ ಬಂತು.

ಮುಂಡರಗಿಯ ಆ ಮನೆಯ ಮುಂದೆ ಇಳಿದಾಗ ಹನ್ನೆರಡು ಹೊಡೆದು ಹೋಗಿತ್ತು. ಅಂಗಳದ ತುಂಬ ಚಪ್ಪಲಿ. ಒಳಗೆ ಪಡಸಾಲೆಯಲ್ಲಿ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ನಡುವೆ ರಂಗೋಲಿ ಹಾಕಿದ ಮಣೆ ಖಾಲಿ ಇತ್ತು. ಹುಡುಗಿ ಮನೆಯಲ್ಲಿ ಉಡುವ ಸಾದಾ ಸೀರೆಯಲ್ಲಿ ಬಾಗಿಲ ಹತ್ತಿರವೇ ನೆಲದ ಮೇಲೆ ಕೂತಿದ್ದಳು. ಎರಡೂ ಕೈ ಹೊಟ್ಟೆಯ ಮೇಲೆ. ಅವಳ ಅತ್ತೆ ಕಂಬಕ್ಕೆ ಆತು ನಿಂತಿದ್ದಳು, ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ.

ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡಿದ್ದೆ. ಹಳ್ಳದ್ದು, ಗಾಡಿಯದ್ದು, ಕ್ಷಮೆ ಕೇಳುವುದು, ಎಲ್ಲ ಒಂದರ ಹಿಂದೆ ಒಂದು. ಹೊಸ್ತಿಲು ದಾಟುವಾಗ ತಲೆಯ ಹೂವು ಜಾರಿ ಒಂದು ಕಡೆ ಜೋತಿತ್ತು, ಸೀರೆ ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ತಿಂಡಿಯ ಡಬ್ಬಿ. ಎಲ್ಲರ ಕಣ್ಣೂ ನನ್ನ ಮೇಲೆ. ಜೋಡಿಸಿಕೊಂಡ ಮಾತು ಒಂದೂ ನೆನಪಾಗಲಿಲ್ಲ. ಬಾಯಿಂದ ಬಂದದ್ದು ಇಷ್ಟೇ.

"ಬಂದ್ನೆಲ್ಲವಾ, ಮತ್ತೇನ?"

ಅಂದ ಮೇಲೆ ನನಗೇ ಕೇಳಿಸಿತು. ದನಿ ಕೂಡ ನನ್ನದಾಗಿರಲಿಲ್ಲ. ಹುಡುಗಿ ತಲೆ ಎತ್ತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ, ಎರಡೂ ಒಟ್ಟಿಗೆ ಬಂದವು. ನನ್ನ ಹಿಂದೆ ಹೊಸ್ತಿಲ ಮೇಲೆ ನಿಂತಿದ್ದ ಅವ್ವನ ಕಡೆ ನೋಡಿ ಅಂದಳು:

"ಆಯೀ, ನಮ್ಮವ್ವ ಬಂದ್ಲ ನೋಡ."

ನಾನು ಡಬ್ಬಿ ಅಲ್ಲೇ ಇಟ್ಟು ಅವಳ ಪಕ್ಕ ನೆಲಕ್ಕೆ ಕುಸಿದು ಕೂತೆ. ಅಕ್ಕ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಆಗ ಯಾರು ಏನು ಮಾಡಬೇಕು, ಎಲ್ಲಿಗೆ ಓಡಬೇಕು ಎಂಬುದರಲ್ಲೇ ದಿನ ಹೋಗಿತ್ತು. ಬೀಗತಿ ಬಂದು ಅವ್ವನ ಕೈಯಿಂದ ಗಂಟು ತೆಗೆದುಕೊಂಡು ಬಿಚ್ಚಿದಳು. ಅವ್ವ ಎಷ್ಟು ಎತ್ತಿ ಹಿಡಿದರೂ ಸೆರಗಿನ ತುದಿ ನೀರಿಗೆ ತಾಗಿತ್ತು, ಕೆಂಪು ನೀರಿನ ಒಂದು ಕಲೆ. ಹಳ್ಳದ ನೀರು ತಾಗಿದೆ ಎಂದು ಅವ್ವ ಹೇಳುತ್ತಿದ್ದಂತೆ ನಾನು ಗಾಬರಿಯಾಗಿ ಅದನ್ನು ಮುಚ್ಚಲು ಹೋದೆ. ಬೀಗತಿ ನನ್ನ ಕೈ ಸರಿಸಿ, ಸೆರಗನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು. "ಗಂಗವ್ವ ಮೊದಲ ತಾ ಉಟ್ಟು ಕೊಟ್ಟಾಳ್ರಿ," ಎಂದಳು. "ರಾಹುಕಾಲ ಹೋಗೂತನಕಾ ಕುಂಡ್ರೂಣು. ಯಾರೂ ಹೋಗಬ್ಯಾಡ್ರಿ." ಅಂಗಡಿ ಸೀರೆಯನ್ನು ಆಕೆ ಬೆಳಿಗ್ಗೆಯೇ ಟ್ರಂಕಿಗೆ ಹಾಕಿ ಬೀಗ ಹಾಕಿದ್ದಳಂತೆ. ಹುಡುಗಿ ಆಮೇಲೆ ಹೇಳಿದಳು. ಆ ಹೆಂಗಸಿನ ಬಗ್ಗೆ ನಾನು ದಾರಿಯುದ್ದಕ್ಕೂ ಏನೇನು ಅಂದುಕೊಂಡು ಬಂದಿದ್ದೆ!

ಒಂದೂವರೆಯವರೆಗೆ ಎಲ್ಲರೂ ಹಸಿದುಕೊಂಡು ಕೂತರು. ನಾನೂ ಕೂತೆ. ಕಾಲು ಮಾತ್ರ ಸುಮ್ಮನಿರದೆ ಅಲ್ಲಾಡುತ್ತಲೇ ಇತ್ತು, ಹುಡುಗಿ ಅದರ ಮೇಲೆ ಕೈಯಿಟ್ಟು ಒತ್ತಿ ಹಿಡಿದಳು.

ಗಾಡಿ ಕೈಗೆ ಬರುವಷ್ಟರಲ್ಲಿ ಮಳೆಗಾಲವೇ ಮುಗಿಯುತ್ತ ಬಂದಿತ್ತು. ಹಳೆಯ ಇಂಜಿನ್ನಿಗೆ ಸಾಮಾನು ಎಲ್ಲೆಲ್ಲಿಂದಲೋ ಬರಬೇಕಿತ್ತು, ನಾನು ವಾರಕ್ಕೆ ಮೂರು ಸಲ ಗ್ಯಾರೇಜಿಗೆ ಹೋಗಿ ಮೆಕ್ಯಾನಿಕ್‌ನ ತಲೆ ತಿಂದೆ. ಗಾಡಿ ಸಿದ್ಧ ಎಂದು ಫೋನ್ ಬಂದ ದಿನ ಅವ್ವ ತಾನೂ ಬರುತ್ತೇನೆ ಎಂದಳು, ಕುಂಕುಮದ ಡಬ್ಬಿ ಹಿಡಿದುಕೊಂಡೇ ಬಂದಳು. ಮೆಕ್ಯಾನಿಕ್ ಇಂಜಿನ್ ಚಾಲು ಮಾಡಿ ತೋರಿಸಿದ. ಒಳ್ಳೆಯ ಸಪ್ಪಳ, ಮೊದಲಿನದೇ ಹದ. ಅವ್ವ ಬಾನೆಟ್ಟಿಗೆ ಅರಿಷಿಣ, ಕುಂಕುಮ ಹಚ್ಚಿದಳು. ಅವನು ನಗುತ್ತ, ಈ ಸಲವಾದರೂ ಹೇಳಿ, ಅಂದು ನಡುನೀರಿನಲ್ಲಿ ಯಾಕೆ ನಿಲ್ಲಿಸಿದಿರಿ ಎಂದು ನನ್ನನ್ನು ಕೇಳಿದ. ನಾನು ಎಂದಿನಂತೆ ಬಾಯಿಗೆ ಬಂದ ಸುಳ್ಳು ಹುಡುಕುತ್ತಿದ್ದೆ. ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ತಾನೇ ಉತ್ತರ ಕೊಟ್ಟಳು.

"ನಿಂದ್ರಸದಿದ್ರ ಹೊತ್ತಿಗೆ ಸರಿಯಾಗಿ ಮುಟ್ಟತಿದ್ದಿವಪ್ಪಾ. ಹೊತ್ತಿಗೆ ಸರಿಯಾಗಿ ಮುಟ್ಟಿದ್ರ ಆಕಿ ಬರತಿದ್ದಿಲ್ಲ."

ಯಾರು ಎಂದು ಮೆಕ್ಯಾನಿಕ್ ಕೇಳಿದ. ಅವ್ವ ಆಗಲೇ ನಿಧಾನವಾಗಿ ಗಾಡಿ ಹತ್ತುತ್ತಿದ್ದಳು. ನಾನು ಕೀಲಿ ಹಿಡಿದು ಅಲ್ಲೇ ನಿಂತು, ಅವಳು ಹತ್ತಿ, ಕಾಲು ಎಳೆದುಕೊಂಡು, ಸೆರಗು ಸರಿಮಾಡಿಕೊಂಡು ಕೂರುವವರೆಗೆ ಕಾದೆ.